ಪಂಜು ಹಿಡಿದು ನಡೆದ ಮಕ್ಕಳು

(ಸಂಘದ ವಾರ್ಷಿಕ ಸಮಾರಂಭ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)





'ಶಿಕ್ಷಣದ ಮಹತ್ವ' ಎಂಬ ವಿಷಯದ ಬಗ್ಗೆ ಮಾತನಾಡಬೇಕು ಎಂದು ಕಾರ್ಯದರ್ಶಿಗಳು ಹೇಳಿದ್ದರು. ಈ ವೇದಿಕೆಯಲ್ಲಿ ಆ ವಿಷಯದ ಮೇಲೆ ಹೆಚ್ಚುಕಡಿಮೆ ಪ್ರತಿ ವರ್ಷವೂ ಭಾಷಣ ನಡೆದಿದೆ. ನಾನೇ ಎರಡು ಸಲ ಮಾಡಿದ್ದೇನೆ. ಆಗ ಹಿಂದಿನ ಸಾಲಿನ ಮಕ್ಕಳು ಎಷ್ಟು ಸಲ ಆಕಳಿಸಿದರು ಎಂಬುದೂ ನನಗೆ ನೆನಪಿದೆ. ಆದ್ದರಿಂದ ಇಂದು ಉಪದೇಶದ ಬದಲು ಒಂದು ಗುಹೆಯ ಕಥೆ ಹೇಳುತ್ತೇನೆ. ಇದು ಕಟ್ಟುಕಥೆ ಅಲ್ಲ, ನಡೆದದ್ದು. ದೂರದ ಒಂದು ದ್ವೀಪದಲ್ಲಿ ಒಬ್ಬ ಶಾಲಾ ಮಾಸ್ತರು ಮತ್ತು ಸುಮಾರು ಮೂವತ್ತು ಮಂದಿ ಮಕ್ಕಳು ಪಂಜು ಹಿಡಿದು ಕತ್ತಲೆಯೊಳಗೆ ನಡೆದುಹೋದ ಕಥೆ. ಇದರಲ್ಲಿ ಶಿಕ್ಷಣದ ಮಹತ್ವ ಬಂದರೆ ಬರಲಿ.

ಗುಹೆ ಎಂದರೆ ನಮಗೆ ಪರಕೀಯವಾದ ಸ್ಥಳವಲ್ಲ. ಪ್ರವಾದಿ ಮುಹಮ್ಮದ್ (ಸ) ಅವರಿಗೆ ಮೊದಲ ದಿವ್ಯಸಂದೇಶ ಬಂದದ್ದು ಹಿರಾ ಗುಹೆಯಲ್ಲಿ. ಅದು ಓದಿಗೆ, ಕಲಿಕೆಗೆ ಸಂಬಂಧಿಸಿದ ಸಂದೇಶವಾಗಿತ್ತು ಎಂಬುದು ಇಲ್ಲಿರುವ ಮದ್ರಸದ ಪುಟ್ಟ ಮಕ್ಕಳಿಗೂ ಗೊತ್ತು. ಹಿಜ್ರಾದ ಸಮಯದಲ್ಲಿ ಅವರು ಆಶ್ರಯ ಪಡೆದದ್ದು ಸೌರ್ ಗುಹೆಯಲ್ಲಿ. ಶುಕ್ರವಾರ ನಾವು ಓದುವ ಸೂರಃ ಅಲ್ ಕಹ್ಫ್‌ಗೆ ಗುಹೆಯ ಹೆಸರೇ ಇದೆ. ಜ್ಞಾನವೂ ಆಶ್ರಯವೂ ಗುಹೆಯಲ್ಲಿ ಸಿಕ್ಕಿವೆ. ನಾನು ಹೇಳಲಿರುವ ದ್ವೀಪದ ಗುಹೆಗಳಲ್ಲೂ ಜನರು ಈ ಎರಡನ್ನೂ ಹುಡುಕಿದರು.

ಆ ದ್ವೀಪದ ಹೆಸರು ಜೆಜು. ದಕ್ಷಿಣ ಕೊರಿಯಾದ ದಕ್ಷಿಣ ತೀರದಿಂದಾಚೆ ಸಮುದ್ರದ ನಡುವೆ ಇದೆ. ನಾನು ಅಲ್ಲಿಗೆ ಹೋದವನಲ್ಲ. ಭೂಗೋಳ ಪಾಠ ಮಾಡುವವನಿಗೆ ಇರುವ ಚಟದಿಂದ ನಕಾಶೆ ನೋಡುತ್ತಾ, ಓದುತ್ತಾ ಅದರ ಪರಿಚಯ ಮಾಡಿಕೊಂಡೆ. ಪೂರ್ವ ಪಶ್ಚಿಮವಾಗಿ ಸುಮಾರು 73 ಕಿ.ಮೀ. ಉದ್ದವಿರುವ ಈ ದ್ವೀಪ ಪೂರ್ತಿಯಾಗಿ ಜ್ವಾಲಾಮುಖಿಯಿಂದ ಆದದ್ದು. ನಡುವೆ ಹಲ್ಲಾಸಾನ್ ಎಂಬ ಸುಮಾರು 1,950 ಮೀಟರ್ ಎತ್ತರದ ಬೆಟ್ಟ. ಅದೇ ದಕ್ಷಿಣ ಕೊರಿಯಾದ ಅತಿ ಎತ್ತರದ ಶಿಖರ. ಸುತ್ತಲೂ 'ಒರುಮ್' ಎಂದು ಕರೆಯುವ ಸಣ್ಣ ಸಣ್ಣ ಜ್ವಾಲಾಮುಖಿ ಗುಡ್ಡಗಳು 360ರಷ್ಟಿವೆ. ನೆಲವೆಲ್ಲ ಕಪ್ಪು ಕಲ್ಲು. ಮಳೆ ಧಾರಾಳವಾಗಿ ಸುರಿದರೂ ನೀರು ಆ ಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಆಮೇಲೆ ಕಡಲ ತೀರದಲ್ಲಿ ಒರತೆಯಾಗಿ ಹೊರಬರುತ್ತದೆ. ಹಿಂದೆ ಅಲ್ಲಿಯ ಹೆಂಗಸರು ಆ ಒರತೆಗಳಿಂದ ಮಣ್ಣಿನ ಬಿಂದಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ನೀರು ಹೊರುತ್ತಿದ್ದರು. ಹೊಲದ ಕಲ್ಲುಗಳನ್ನು ಆಯ್ದು ಗೋಡೆ ಕಟ್ಟಿ ಗಾಳಿಯಿಂದ ಪೈರನ್ನು ಉಳಿಸಿಕೊಂಡರು. ಒಟ್ಟಿನಲ್ಲಿ ಬಡ ದ್ವೀಪ, ಕಷ್ಟಜೀವಿಗಳ ದ್ವೀಪ.

ಇಂಥ ನೆಲ ಹೇಗಿರುತ್ತದೆ ಎಂದು ಈ ಸಭೆಯಲ್ಲಿರುವ ಕೆಲವರಾದರೂ ಕಣ್ಣಾರೆ ಕಂಡಿದ್ದೀರಿ. ಹಜ್ ಅಥವಾ ಉಮ್ರಾಕ್ಕೆ ಹೋದವರು, ಸೌದಿಯಲ್ಲಿ ದುಡಿದು ಬಂದವರು ನೆನಪು ಮಾಡಿಕೊಳ್ಳಿ. ಮದೀನಾ ನಗರದ ಹೊರವಲಯದಲ್ಲಿ ಸುಟ್ಟ ಇದ್ದಿಲಿನಂತೆ ಕಾಣುವ ಕಪ್ಪು ಕಲ್ಲಿನ ಬಯಲುಗಳಿವೆ. ಅರಬಿಯಲ್ಲಿ ಅದನ್ನು 'ಹರ್ರಾ' ಎನ್ನುತ್ತಾರೆ. ಅದು ತಣಿದ ಲಾವಾ. ಕ್ರಿ.ಶ. 1256ರಲ್ಲಿ, ಅಂದರೆ ಹಿಜರಿ 654ರಲ್ಲಿ, ಮದೀನಾದ ಬಳಿ ಭೂಮಿ ನಡುಗಿ, ನೆಲ ಬಿರಿದು, ಬೆಂಕಿಯ ಹೊಳೆ ಹರಿಯಿತು. ಸುಮಾರು 52 ದಿನ ಅದು ಉರಿಯಿತು. ಲಾವಾ ಸುಮಾರು 23 ಕಿ.ಮೀ. ಹರಿಯಿತು. ನಗರದ ಕಡೆಗೇ ಬಂದ ಅದು, ದೇವರ ದಯೆಯಿಂದ, ಕೆಲವು ಕಿ.ಮೀ. ಆಚೆಯೇ ನಿಂತಿತು. ಆಗ ಮದೀನಾದಿಂದ ದಮಾಸ್ಕಸ್‌ಗೆ ಬಂದ ಪತ್ರಗಳನ್ನು ಅಬೂ ಶಾಮಾ ಎಂಬ ವಿದ್ವಾಂಸರು ತಮ್ಮ ಚರಿತ್ರೆಯಲ್ಲಿ ದಾಖಲು ಮಾಡಿದರು. ಇಂದು ವಿಜ್ಞಾನಿಗಳು ಆ ಲಾವಾದ ಅಧ್ಯಯನ ಮಾಡುವಾಗ ಹಳೆಯ ಆ ಬರಹಗಳನ್ನೂ ನೋಡುತ್ತಾರೆ. ಕಂಡದ್ದನ್ನು ಬರೆದಿಡುವ ಈ ಗುಣವನ್ನು ಮಕ್ಕಳು ಗಮನದಲ್ಲಿಡಬೇಕು. ಮುಂದೆ ಮತ್ತೆ ಅದರ ಮಾತು ಬರುತ್ತದೆ.

ಈಗ ಜೆಜುವಿಗೆ ಹೋಗೋಣ. ದ್ವೀಪದ ಈಶಾನ್ಯ ಭಾಗದಲ್ಲಿ ಗೊಮುನ್ ಒರುಮ್ ಎಂಬ ಗುಡ್ಡವಿದೆ. ಹಿಂದೊಮ್ಮೆ ಅಲ್ಲಿಂದ ಉಕ್ಕಿದ ಲಾವಾ ಸುಮಾರು 13 ಕಿ.ಮೀ. ಹರಿದು ಸಮುದ್ರ ತೀರ ಮುಟ್ಟಿತು. ಒಲೆಯ ಮೇಲಿಂದ ಇಳಿಸಿದ ಹಾಲನ್ನು ನೋಡಿ. ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಾಲು ಬಿಸಿಯಾಗಿಯೇ ಇರುತ್ತದೆ. ಲಾವಾ ನದಿಯೂ ಹಾಗೆಯೇ. ಗಾಳಿ ತಾಗಿದ ಮೇಲ್ಭಾಗ ತಣಿದು ಕಲ್ಲಿನ ಚಾವಣಿಯಾಗುತ್ತದೆ. ಅದರ ಕೆಳಗೆ ಸಾವಿರ ಡಿಗ್ರಿಗಿಂತ ಹೆಚ್ಚು ಬಿಸಿಯಾದ ಲಾವಾ ಹರಿಯುತ್ತಲೇ ಇರುತ್ತದೆ. ಚಾವಣಿಯೇ ಕಂಬಳಿಯಂತೆ ಅದರ ಬಿಸಿಯನ್ನು ಕಾಯುತ್ತದೆ. ಮೂಲದಲ್ಲಿ ಲಾವಾ ಬರುವುದು ನಿಂತಾಗ ಒಳಗಿದ್ದದ್ದು ಹರಿದು ಖಾಲಿಯಾಗುತ್ತದೆ. ಉಳಿಯುವುದು ಉದ್ದನೆಯ ಕೊಳವೆ. ಅದೇ ಲಾವಾ ಗುಹೆ. ನೀರು ಸುಣ್ಣಕಲ್ಲನ್ನು ಕೊರೆದು ಗುಹೆಯಾಗಲು ಸಾವಿರಾರು, ಲಕ್ಷಾಂತರ ವರ್ಷ ಬೇಕು. ಲಾವಾ ಗುಹೆಯಾದರೋ ಬೆಂಕಿ ಹರಿದು ಮುಗಿಯುವಷ್ಟರಲ್ಲಿ ತಯಾರು.

ಅಂಥ ಗುಹೆಗಳು ಆ ಊರುಗಳ ಕೆಳಗೇ ಇದ್ದವು. ಆದರೆ ಜನರಿಗೆ ಅವುಗಳ ಬಗ್ಗೆ ಗೊತ್ತಿದ್ದದ್ದು ಭಯ ಮಾತ್ರ. ಗಿಮ್‌ನ್ಯೊಂಗ್ ಎಂಬ ಹಳ್ಳಿಯ ಬಳಿಯ ಗುಹೆಗೆ ಸರ್ಪದ ಗುಹೆ ಎಂದೇ ಹೆಸರು. ಅದರಲ್ಲಿ ಒಂದು ಮಹಾಸರ್ಪ ಇತ್ತಂತೆ. ವರ್ಷಕ್ಕೊಂದು ಕನ್ಯೆಯನ್ನು ಬಲಿ ಕೊಡದಿದ್ದರೆ ಅದು ಹೊಲಗದ್ದೆಗಳನ್ನು ಹಾಳು ಮಾಡುತ್ತಿತ್ತಂತೆ. 1515ರಲ್ಲಿ ಸೊ ರ್ಯೊನ್ ಎಂಬ ಯುವ ಅಧಿಕಾರಿ ಬಂದು ಅದನ್ನು ಕೊಂದನಂತೆ. ಸರ್ಪ ಸತ್ತರೂ ಭಯ ಸಾಯಲಿಲ್ಲ. ನಮ್ಮಲ್ಲೂ ಹಾಗೆ ಅಲ್ಲವೇ? ಹಳೆಯ ಬಾವಿ, ಪಾಳು ಮನೆ, ಹುತ್ತವಿರುವ ಬನ, ಇಂಥ ಕಡೆ ಹೋಗಬೇಡ ಎಂದು ಹಿರಿಯರು ಹೇಳುತ್ತಾರೆ. ಏಕೆ ಎಂದು ಕೇಳಿದರೆ ಕಥೆ ಹೇಳುತ್ತಾರೆ. ಕಥೆಯಿಂದ ಮಗುವಿನ ಜೀವ ಉಳಿಯಬಹುದು, ಅದು ಒಳ್ಳೆಯದೇ. ಆದರೆ ಅದರಿಂದ ಆ ಜಾಗದ ಪರಿಚಯವಾಗುವುದಿಲ್ಲ.

1945ರ ಆಗಸ್ಟ್‌ನಲ್ಲಿ ಕೊರಿಯಾ ಜಪಾನಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. 1910ರಿಂದ 35 ವರ್ಷಗಳ ಪರಾಧೀನತೆ. ಕೊನೆಯ ವರ್ಷಗಳಲ್ಲಂತೂ ಶಾಲೆಯಲ್ಲಿ ಸ್ವಂತ ಭಾಷೆಗೇ ಜಾಗವಿರಲಿಲ್ಲ. ಬಿಡುಗಡೆಯಾದ ಮರುವರ್ಷ, 1946ರಲ್ಲಿ, ಗಿಮ್‌ನ್ಯೊಂಗ್ ಪ್ರಾಥಮಿಕ ಶಾಲೆಯಲ್ಲಿ ಬು ಜೊಂಗ್-ಹ್ಯು ಎಂಬ ಶಿಕ್ಷಕರಿದ್ದರು. ಜೆಜುವಿನವರೇ, 1926ರಲ್ಲಿ ಹುಟ್ಟಿದವರು. ಅಂದರೆ ಆಗ ಅವರಿಗೆ ಬರೀ 20 ವರ್ಷ. ಇಲ್ಲಿ ಕುಳಿತಿರುವ ಪದವಿ ವಿದ್ಯಾರ್ಥಿಗಳ ವಯಸ್ಸು.

ಆ ಯುವಕ ಮಾಸ್ತರರು ತಮ್ಮ ಶಾಲೆಯ ಮೂವತ್ತರಷ್ಟು ಮಕ್ಕಳನ್ನು ಕರೆದುಕೊಂಡು ಊರ ಬಳಿಯ ದೊಡ್ಡ ಗುಹೆಯನ್ನು ನೋಡಲು ಹೊರಟರು. ಅವರ ಬಳಿ ಟಾರ್ಚ್ ಇರಲಿಲ್ಲ. ತಲೆಗೆ ಹಾಕುವ ಗಟ್ಟಿ ಟೋಪಿ ಇರಲಿಲ್ಲ. ಕಾಲಿಗೆ ಹುಲ್ಲು ಹೆಣೆದ ಚಪ್ಪಲಿ, ಕೈಯಲ್ಲಿ ಪಂಜು, ಅಳೆಯಲು ಹಗ್ಗ. ಇಷ್ಟೇ. ಆದರೆ ಅವರು ಗುಂಪಾಗಿ ನುಗ್ಗಲಿಲ್ಲ. ಮಾಸ್ತರರು ಮಕ್ಕಳನ್ನು ತಂಡಗಳಾಗಿ ಮಾಡಿದರು. ಒಂದು ತಂಡ ಬೆಳಕು ಹಿಡಿಯುವುದು. ಒಂದು ತಂಡ ದೂರವನ್ನು ಅಳೆದು ಬರೆದುಕೊಳ್ಳುವುದು. ಇನ್ನೊಂದು ತಂಡ ಬೇಕಾದ ಸಾಮಾನುಗಳನ್ನು ಹೊರುವುದು. ಇಂದಿಗೂ ಕೊರಿಯಾದಲ್ಲಿ ಅವರನ್ನು 'ಪುಟಾಣಿ ಅನ್ವೇಷಕರು' ಎಂದು ಕರೆಯುತ್ತಾರೆ.

ಆ ಕತ್ತಲೆಯನ್ನು ಸ್ವಲ್ಪ ಊಹಿಸಿಕೊಳ್ಳಿ. ನಮ್ಮ ಅಮಾವಾಸ್ಯೆಯ ರಾತ್ರಿಯಲ್ಲೂ ಆಕಾಶದಲ್ಲಿ ನಕ್ಷತ್ರವಿರುತ್ತದೆ. ಗುಹೆಯೊಳಗೆ ಅದೂ ಇಲ್ಲ. ಪಂಜಿನ ಬೆಳಕು ನಾಲ್ಕು ಹೆಜ್ಜೆ ಮುಂದಕ್ಕೆ ಬಿದ್ದರೆ ಹೆಚ್ಚು. ಮೇಲಿನಿಂದ ತಣ್ಣನೆಯ ಹನಿ ಬೆನ್ನಿಗೆ ಬೀಳುತ್ತದೆ. ಬಾವಲಿಗಳು ಹಾರುತ್ತವೆ. ಕಾಲಡಿಯ ನೆಲ ಒಂದು ಕಡೆ ನುಣುಪು, ಮತ್ತೊಂದು ಕಡೆ ಹಗ್ಗ ಸುತ್ತಿಟ್ಟಂತೆ ಮಡಿಕೆ ಮಡಿಕೆ. ಅದು ಹರಿಯುತ್ತಿದ್ದ ಲಾವಾ ಹಾಗೇ ಹೆಪ್ಪುಗಟ್ಟಿದ್ದು. ಗೋಡೆಗಳ ಮೇಲೆ ಉದ್ದಕ್ಕೂ ಗೆರೆಗಳು. ಪ್ರವಾಹ ಇಳಿದ ಮೇಲೆ ನಮ್ಮ ಮನೆಗಳ ಗೋಡೆಯಲ್ಲಿ ಕೆಸರಿನ ಗುರುತು ಉಳಿಯುವುದಿಲ್ಲವೇ? ಹಾಗೆಯೇ ಬೆಂಕಿಯ ಹೊಳೆ ಯಾವ ಯಾವ ಮಟ್ಟದಲ್ಲಿ ಹರಿಯಿತು ಎಂಬ ಗುರುತು ಅವು. ಗುಹೆಯ ಕೆಲವು ಭಾಗ ಎಷ್ಟು ದೊಡ್ಡದೆಂದರೆ ಸುಮಾರು 18 ಮೀಟರ್ ಅಗಲ, 23 ಮೀಟರ್ ಎತ್ತರ. ಏಳು ಅಂತಸ್ತಿನ ಕಟ್ಟಡ ಒಳಗೆ ನಿಲ್ಲಬಹುದು. ಒಂದೆಡೆ ಮೇಲಿನ ಅಂತಸ್ತಿನಿಂದ ಚಾವಣಿಯ ತೂತಿನ ಮೂಲಕ ಸುರಿದ ಲಾವಾ ಹಾಗೇ ತಣಿದು 7.6 ಮೀಟರ್ ಎತ್ತರದ ಕಂಬವಾಗಿ ನಿಂತಿದೆ. ಇನ್ನೊಂದೆಡೆ ಲಾವಾದ ಮೇಲೆ ತೇಲಿಬಂದು ನಿಂತ ಬಂಡೆಯೊಂದು ಆಮೆಯ ಹಾಗಿದೆ. ಅದನ್ನು ನೋಡಿದವರು ತಮ್ಮ ಜೆಜು ದ್ವೀಪದ ಆಕಾರವೇ ಎನ್ನುತ್ತಾರೆ.

ಒಂದೇ ದಿನದಲ್ಲಿ ಮುಗಿಯುವ ಕೆಲಸ ಅದಾಗಿರಲಿಲ್ಲ. ಅವರು ಮತ್ತೆ ಮತ್ತೆ ಹೋದರು. ನೆಲದ ಕೆಳಗೆ ಎಷ್ಟು ದೂರ ಹೋದೆವು ಎಂದು ಅಳೆದರು. ಗುಹೆಗೆ ಇನ್ನೊಂದು ಕಡೆ ಬಾಯಿ ಇರುವುದನ್ನು ಕಂಡುಕೊಂಡರು. ಅದು ನೆಲದ ಮೇಲೆ ಯಾವ ಜಾಗ ಎಂದು ಗುರುತಿಸಿದರು. ಆ ಜಾಗಕ್ಕೆ ಹಳ್ಳಿಗರು ಕರೆಯುತ್ತಿದ್ದ ಹಳೆಯ ಹೆಸರಿನಿಂದಲೇ 1947ರಲ್ಲಿ ಗುಹೆಗೆ 'ಮಾನ್‌ಜಂಗ್ ಗುಹೆ' ಎಂದು ಹೆಸರಿಟ್ಟರು. ಇಂದಿನ ಅಳತೆಯ ಪ್ರಕಾರ ಅದರ ಉದ್ದ ಸುಮಾರು 7.4 ಕಿ.ಮೀ. ಸರ್ಪವಿರುವ ಗುಹೆ ಮತ್ತು ಈ ದೊಡ್ಡ ಗುಹೆ ಮೊದಲು ಒಂದೇ ಕೊಳವೆಯಾಗಿದ್ದು, ನಡುವೆ ಚಾವಣಿ ಕುಸಿದು ಬೇರೆಯಾದದ್ದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಸರ್ಪದ ಹಾಗೆ ಅಂಕುಡೊಂಕಾಗಿ ಹರಿದದ್ದು ಲಾವಾ.

ಇಲ್ಲಿಗೆ ಕಥೆ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಆ ದ್ವೀಪದ ಗುಹೆಗಳ ಬಗ್ಗೆ ಮಾತನಾಡುವಾಗ ಮುಂದಿನದನ್ನು ಹೇಳದಿದ್ದರೆ ಅನ್ಯಾಯ.

1948ರ ಏಪ್ರಿಲ್ 3ರಂದು ಜೆಜುವಿನಲ್ಲಿ ದಂಗೆ ಎದ್ದಿತು. ಅದನ್ನು ಅಡಗಿಸುವ ಹೆಸರಿನಲ್ಲಿ ಸೇನೆ, ಪೊಲೀಸರು ಹಳ್ಳಿಹಳ್ಳಿಗಳನ್ನು ಸುಟ್ಟರು. ಯಾವ ಪಕ್ಷಕ್ಕೂ ಸೇರದ ರೈತರು, ಹೆಂಗಸರು, ಮಕ್ಕಳು ಓಡಿ ಅಡಗಿದ್ದು ಎಲ್ಲಿ? ಗುಹೆಗಳಲ್ಲಿ. ದರಂಗ್ಶಿ ಎಂಬಲ್ಲಿ ಒಂದು ಸಣ್ಣ ಗುಹೆ. 1948ರ ಡಿಸೆಂಬರ್‌ನಲ್ಲಿ ಅದರ ಬಾಯಿಗೆ ಬೆಂಕಿ ಹಾಕಿ ಒಳಗೆ ಹೊಗೆ ತುಂಬಿಸಿದರು. ಒಳಗಿದ್ದ 11 ಜನ ಉಸಿರುಗಟ್ಟಿ ಸತ್ತರು. ಅವರಲ್ಲಿ ಹೆಂಗಸರೂ ಒಂದು ಮಗುವೂ ಇದ್ದರು. ಆ ಅಸ್ಥಿಗಳು, ಅವರ ಅಡುಗೆಯ ಪಾತ್ರೆಗಳ ಜೊತೆಗೆ ಲೋಕಕ್ಕೆ ತಿಳಿದದ್ದು 1992ರಲ್ಲಿ. 44 ವರ್ಷ ಆ ಗುಹೆಯೂ ಮಾತನಾಡಲಿಲ್ಲ, ಜನರೂ ಮಾತನಾಡಲು ಹೆದರಿದರು. 2003ರಲ್ಲಿ ಸರಕಾರದ ತನಿಖಾ ವರದಿ ಹೊರಬಂತು. ಆ ವರ್ಷಗಳಲ್ಲಿ ಸತ್ತವರು 25,000ದಿಂದ 30,000 ಎಂದು ಅಂದಾಜು. ದ್ವೀಪದ ಹತ್ತರಲ್ಲಿ ಒಬ್ಬರು. ಅದೇ ವರ್ಷ ಅಧ್ಯಕ್ಷ ರೋ ಮೂ-ಹ್ಯುನ್ ರಾಷ್ಟ್ರದ ಪರವಾಗಿ ಕ್ಷಮೆ ಕೇಳಿದರು. 2025ರಲ್ಲಿ ಆ ಘಟನೆಯ ದಾಖಲೆಗಳನ್ನು ಯುನೆಸ್ಕೋ ತನ್ನ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

ಮಕ್ಕಳೇ, ಇದನ್ನು ನಿಮಗೆ ಏಕೆ ಹೇಳಿದೆ ಗೊತ್ತೇ? ಗುಹೆ ಎಂದರೆ ಬರೀ ಸಾಹಸವಲ್ಲ, ಪಿಕ್ನಿಕ್ ಅಲ್ಲ. ನೆಲದಡಿಯಲ್ಲಿ ಬೆಂಕಿಯ ಇತಿಹಾಸವೂ ಇದೆ, ಮನುಷ್ಯರ ಇತಿಹಾಸವೂ ಇದೆ. ಎರಡನ್ನೂ ಕಂಡು ಬರೆದಿಡುವವರು ಬೇಕು. ಮದೀನಾದಿಂದ ಪತ್ರ ಬರೆದವರು, ಹಗ್ಗ ಹಿಡಿದು ಲೆಕ್ಕ ಬರೆದ ಗಿಮ್‌ನ್ಯೊಂಗ್‌ನ ಮಕ್ಕಳು, ದರಂಗ್ಶಿಯ ಸತ್ಯವನ್ನು ಹೊರಗೆ ತಂದವರು, ಇವರೆಲ್ಲರೂ ಮಾಡಿದ್ದು ಒಂದೇ ಕೆಲಸ.

ಬು ಜೊಂಗ್-ಹ್ಯು ಅವರ ವಿಷಯಕ್ಕೆ ಬರೋಣ. ಅವರು ಗುಹೆಗೇ ನಿಲ್ಲಲಿಲ್ಲ. ಹಲ್ಲಾಸಾನ್ ಬೆಟ್ಟವನ್ನು ನೂರಾರು ಸಲ ಹತ್ತಿ ಅಲ್ಲಿಯ ಗಿಡಮರಗಳನ್ನು ಪಟ್ಟಿ ಮಾಡಿದರು. 1962ರಲ್ಲಿ ಕೊರಿಯಾ ಸರಕಾರ ಮಾನ್‌ಜಂಗ್ ಮತ್ತು ಗಿಮ್‌ನ್ಯೊಂಗ್ ಗುಹೆಗಳನ್ನು ಪ್ರಾಕೃತಿಕ ಸ್ಮಾರಕವೆಂದು ಘೋಷಿಸಿತು. ಬು ಅವರು 1980ರಲ್ಲಿ ತೀರಿಕೊಂಡರು. 2007ರಲ್ಲಿ ಜೆಜುವಿನ ಜ್ವಾಲಾಮುಖಿ ನೆಲ ಮತ್ತು ಲಾವಾ ಗುಹೆಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ರಾಕೃತಿಕ ವಿಭಾಗದಲ್ಲಿ ಕೊರಿಯಾಕ್ಕೆ ಸಿಕ್ಕ ಮೊದಲ ಗೌರವ ಅದು. ಅದನ್ನು ನೋಡಲು ಮಾಸ್ತರರು ಇರಲಿಲ್ಲ. ಶಿಕ್ಷಕರ ಹಣೆಬರಹವೇ ಹಾಗೆ. ನೆಟ್ಟವನು ಒಬ್ಬ, ನೆರಳಿನಲ್ಲಿ ಕೂರುವವರು ಬೇರೆ.

ಎಲ್ಲವನ್ನೂ ಅವರೇ ಕಂಡುಹಿಡಿದು ಮುಗಿಸಿದರೇ? ಇಲ್ಲ. 1990ರ ದಶಕದಲ್ಲಿ ರೈತರೊಬ್ಬರು ಹೊಲ ಸಮ ಮಾಡುತ್ತಿದ್ದಾಗ ಒಂದು ಗುಹೆ ಸಿಕ್ಕಿತು. 2005ರಲ್ಲಿ ವಿದ್ಯುತ್ ಕಂಬ ನೆಡಲು ಗುಂಡಿ ತೆಗೆದಾಗ ಇನ್ನೊಂದು ಸಿಕ್ಕಿತು. ಅದರ ಹೆಸರು ಯೊಂಗ್‌ಚೊನ್. ಲಾವಾ ಗುಹೆ ಸಾಮಾನ್ಯವಾಗಿ ಕಪ್ಪು. ಆದರೆ ಇವೆರಡರೊಳಗೆ ಬಿಳಿಯ ಸುಣ್ಣದ ತೊಂಗಲುಗಳು ಜೋತುಬಿದ್ದಿವೆ. ಕಾರಣ, ಮೇಲಿನ ನೆಲದಲ್ಲಿ ಚಿಪ್ಪಿನ ಪುಡಿಯಿಂದಾದ ಮರಳು ದಿಬ್ಬಗಳಿವೆ. ಮಳೆನೀರು ಆ ಚಿಪ್ಪಿನ ಸುಣ್ಣವನ್ನು ಕರಗಿಸಿಕೊಂಡು ಕೆಳಗಿಳಿದು ಕಪ್ಪು ಕಲ್ಲಿಗೆ ಬಿಳಿಯ ಅಲಂಕಾರ ಮಾಡಿತು. ಯೊಂಗ್‌ಚೊನ್ ಗುಹೆಯೊಳಗೆ ಒಂದು ಸರೋವರವಿದೆ. ಕ್ರಿ.ಶ. 8ನೇ ಶತಮಾನದ ಸುಮಾರಿನ ಮಣ್ಣಿನ ಪಾತ್ರೆಗಳೂ ಅಲ್ಲಿ ಸಿಕ್ಕವು. ಅಂದರೆ ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಯಾರೋ ಬೆಳಕು ಹಿಡಿದು ಅಲ್ಲಿಗೆ ಹೋಗಿದ್ದರು. ಆದರೆ ಆ ಗುಹೆಯ ದಾರಿ ಮತ್ತೆ ಮರೆತುಹೋಯಿತು.

ಗುಹೆಗಳ ವಯಸ್ಸಿನ ಕಥೆಯೂ ಹೀಗೆಯೇ. ಮೊದಲು ಇವು ಲಕ್ಷ ವರ್ಷಗಳಿಗಿಂತ ಹಳೆಯವು ಎಂದು ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಇತ್ತೀಚಿನ ಪರೀಕ್ಷೆಗಳ ಪ್ರಕಾರ ಮಾನ್‌ಜಂಗ್ ಗುಹೆಯ ವಯಸ್ಸು ಸುಮಾರು 8,000 ವರ್ಷ ಅಷ್ಟೇ. ಪುಸ್ತಕದಲ್ಲಿ ಅಚ್ಚಾಗಿದೆ ಎಂದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. ಹೊಸದಾಗಿ ಅಳೆದಾಗ ಹಳೆಯ ಲೆಕ್ಕ ತಪ್ಪೆಂದು ಕಂಡರೆ ತಿದ್ದಿಕೊಳ್ಳುವುದು ವಿದ್ಯಾವಂತನ ಲಕ್ಷಣ. ಅದರಲ್ಲಿ ಅವಮಾನವಿಲ್ಲ.

ಇನ್ನು ನನ್ನ ವಿಷಯ. ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ಆದರೂ ಹೇಳಬೇಕು.

ನಾನು ಶಿಕ್ಷಕನಾಗಿದ್ದಾಗ ಮಕ್ಕಳನ್ನು ಹಲವು ಸಲ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೇನೆ. ನಿಮ್ಮಲ್ಲೂ ಬಹಳ ಮಂದಿ ಹೋಗಿರಬಹುದು. ಅಲ್ಲಿ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಕಲ್ಲುಗಳಿವೆ. ಐದು ಮೂಲೆ, ಆರು ಮೂಲೆ. ಯಾರೋ ಉಳಿ ಹಿಡಿದು ಕೆತ್ತಿದ ಹಾಗೆ. ಒಂದು ಸಲ ಎಂಟನೇ ತರಗತಿಯ ಒಬ್ಬ ಹುಡುಗಿ, ಬಹಳ ಮೌನದ ಹುಡುಗಿ, ಆ ಕಲ್ಲಿನ ಮೇಲೆ ಕೈ ಇಟ್ಟು, 'ಸರ್, ಇದನ್ನು ಯಾರು ಮಾಡಿದ್ದು?' ಎಂದು ಕೇಳಿದಳು. ದೋಣಿಗೆ ಹೊತ್ತಾಗಿತ್ತು. ಊಟದ ಪೊಟ್ಟಣದ ಲೆಕ್ಕ ತಪ್ಪಿತ್ತು. ನಾನು ಗದರಿದೆ. 'ಅದೆಲ್ಲ ಪರೀಕ್ಷೆಗೆ ಬರುವುದಿಲ್ಲ, ಸಾಲಿನಲ್ಲಿ ನಿಲ್ಲು' ಎಂದೆ. ಅವಳು ಸಾಲಿನಲ್ಲಿ ನಿಂತಳು. ಆಮೇಲೆ ನನ್ನ ತರಗತಿಯಲ್ಲಿ ಅವಳು ಇನ್ನೊಂದು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ನಿಜ ಹೇಳಬೇಕೆಂದರೆ ಉತ್ತರ ನನಗೆ ಅಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ, ಅದಕ್ಕೆ ಪರೀಕ್ಷೆಯ ನೆಪ ಹೇಳಿದೆ. ಬಹಳ ವರ್ಷಗಳ ನಂತರ ಈ ಕೊರಿಯಾದ ಮಾಸ್ತರರ ಕಥೆ ಓದುವಾಗ ಆ ಹುಡುಗಿಯ ಮುಖ ನೆನಪಾಯಿತು. ಆಗ ಹುಡುಕಿ ಓದಿದೆ. ಸೇಂಟ್ ಮೇರಿಸ್ ದ್ವೀಪವೂ ಜ್ವಾಲಾಮುಖಿಯ ನೆಲವೇ! ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು. ಕೆರೆ ಬತ್ತಿದಾಗ ಕೆಸರು ಒಣಗಿ ಮೂಲೆ ಮೂಲೆಯಾಗಿ ಬಿರಿಯುತ್ತದಲ್ಲ, ಹಾಗೆಯೇ ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಕಂಬ ಕಂಬವಾಯಿತು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ. ಜಗತ್ತಿನ ವಿದ್ವಾಂಸರು ಬಂದು ನೋಡುವ ಕಲ್ಲಿನ ಮೇಲೆ ನನ್ನ ಶಾಲೆಯ ಮಕ್ಕಳು ಕುಳಿತು ಬಿರಿಯಾನಿ ತಿಂದರು. ನಾನು ಅವರಿಗೆ ಒಂದು ಮಾತು ಹೇಳಲಿಲ್ಲ. ಇಪ್ಪತ್ತು ವರ್ಷದ ಜೆಜುವಿನ ಮಾಸ್ತರರ ಬಳಿ ಪಂಜು ಮಾತ್ರ ಇತ್ತು. ನನ್ನ ಬಳಿ ಗ್ರಂಥಾಲಯವಿತ್ತು, ನಕಾಶೆಯಿತ್ತು, ಸರಕಾರದ ಸಂಬಳವಿತ್ತು. ಆದರೂ ಬೆಳಕು ಹಿಡಿದವರು ಅವರು, ನಾನಲ್ಲ.

ಆದ್ದರಿಂದ ಇಲ್ಲಿರುವ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮಗು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ, ನಾಳೆ ಸೇರಿ ಹುಡುಕೋಣ' ಎನ್ನಿ. ಅದರಿಂದ ನಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ. ಪೋಷಕರಲ್ಲಿಯೂ ಒಂದು ಮಾತು. ಮಗ ಕೇಳಿದರೆ ಜಾಣತನ, ಮಗಳು ಕೇಳಿದರೆ ಅಧಿಕಪ್ರಸಂಗ ಎಂಬ ಭೇದ ನಮ್ಮ ಮನೆಗಳಲ್ಲಿ ಬೇಡ. ಅಂದು ಕಲ್ಲಿನ ಮೇಲೆ ಕೈ ಇಟ್ಟು ಕೇಳಿದ್ದು ಹುಡುಗಿ.

ಇನ್ನು ವಿದ್ಯಾರ್ಥಿಗಳಿಗೆ ಮೂರು ಮಾತು.

ಮೊದಲನೆಯದು, ನಿಮ್ಮ ಕಾಲಡಿಯ ನೆಲವನ್ನು ತಿಳಿಯಿರಿ. ಆ ಮಕ್ಕಳು ಕಂಡುಹಿಡಿದದ್ದು ದೂರದ ದೇಶವನ್ನಲ್ಲ, ತಮ್ಮ ಊರಿನ ಕೆಳಗಿದ್ದುದನ್ನು. ನಿಮ್ಮ ಊರಿನ ಕಲ್ಲು ಯಾವುದು, ಬಾವಿಯ ನೀರು ಯಾವ ತಿಂಗಳಲ್ಲಿ ಎಷ್ಟು ಇಳಿಯುತ್ತದೆ, ಹಳೆಯ ಮಸೀದಿಯ ಕಲ್ಲಿನ ಬರಹದಲ್ಲಿ ಏನಿದೆ, ಅಜ್ಜಿಯ ಬಾಯಲ್ಲಿ ಯಾವ ಗಿಡಗಳ ಹೆಸರಿದೆ, ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ದಿನಾಂಕ ಹಾಕಿ ಬರೆಯಿರಿ. ಇಂದು ನಿಷ್ಪ್ರಯೋಜಕ ಎನ್ನಿಸುವುದು ಐವತ್ತು ವರ್ಷದ ನಂತರ ದಾಖಲೆಯಾಗುತ್ತದೆ.

ಎರಡನೆಯದು, ಒಬ್ಬರೇ ಹೋಗಬೇಡಿ. ಇದನ್ನು ಎರಡು ಅರ್ಥದಲ್ಲಿ ಹೇಳುತ್ತಿದ್ದೇನೆ. ಭಾಷಣ ಕೇಳಿ ನಾಳೆ ಯಾರೂ ಯಾವುದಾದರೂ ಗುಹೆ, ಬಾವಿ, ಕಲ್ಲುಕೋರೆಗೆ ಇಳಿಯಬಾರದು. 1946ರ ಹುಲ್ಲಿನ ಚಪ್ಪಲಿಯ ಸಾಹಸ ಇಂದು ಮಾದರಿಯಲ್ಲ. ಮಾನ್‌ಜಂಗ್ ಗುಹೆಯಲ್ಲೇ ಪ್ರವಾಸಿಗರಿಗಾಗಿ ದೀಪ ಹಾಕಿ ತೆರೆದಿದ್ದದ್ದು ಸುಮಾರು 1 ಕಿ.ಮೀ. ಭಾಗ ಮಾತ್ರ. 2023ರ ಕೊನೆಯಲ್ಲಿ ಬಾಯಿಯ ಬಳಿ ಕಲ್ಲು ಉದುರಿದಾಗ ಅದನ್ನೂ ಮುಚ್ಚಿದರು. ಬಲ್ಲವರು, ಹಗ್ಗ, ಬೆಳಕು, ಹೊರಗೆ ಕಾಯುವವರು, ಇವಿಲ್ಲದೆ ಭೂಮಿಯೊಳಗೆ ಕಾಲಿಡಬಾರದು. ಇನ್ನೊಂದು ಅರ್ಥ ಇದು. ಆ ತಂಡದಲ್ಲಿ ಪಂಜು ಹಿಡಿದವನು, ಅಳೆದವನು, ಬರೆದವನು, ಸಾಮಾನು ಹೊತ್ತವನು, ಇವರಲ್ಲಿ ಯಾರು ಮೊದಲ ರ‍್ಯಾಂಕ್? ಸಾಮಾನು ಹೊತ್ತವನು ಬರದಿದ್ದರೆ ಪಂಜು ನಡುದಾರಿಯಲ್ಲಿ ಆರುತ್ತಿತ್ತು. ಇಂದು ನಾವು ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಟ್ಟಿದ್ದೇವೆ. ಕೊಡಬೇಕಾದ್ದೇ. ಬಹುಮಾನ ಸಿಗದವರು ತಾವು ಈ ತಂಡದ ಹೊರಗಿನವರು ಎಂದು ತಿಳಿಯಬಾರದು. ನಿಮ್ಮ ಕೈಗೆ ಯಾವ ಕೆಲಸ ಬರುತ್ತದೋ ಇನ್ನೂ ಗೊತ್ತಿಲ್ಲ.

ಮೂರನೆಯದು, ಕತ್ತಲೆಗೆ ಕಥೆ ಕಟ್ಟುವುದು ಸುಲಭ, ಅಳೆಯುವುದು ಕಷ್ಟ. ನಮ್ಮ ಸುತ್ತ ಬೇರೆ ರೀತಿಯ ಗುಹೆಗಳೂ ಇವೆ. ನೆರೆಮನೆಯವರ ಬಗ್ಗೆ, ಬೇರೆ ಧರ್ಮದವರ ಬಗ್ಗೆ, ನಮ್ಮ ಬಗ್ಗೆ ಅವರಿಗೆ, ಎಷ್ಟೋ ಸರ್ಪದ ಕಥೆಗಳಿವೆ. ಮೊಬೈಲಿನಲ್ಲಿ ದಿನಕ್ಕೆ ಹತ್ತು ಬರುತ್ತವೆ. ಮುಂದಕ್ಕೆ ಕಳಿಸುವ ಮೊದಲು ನಾಲ್ಕು ಹೆಜ್ಜೆ ಒಳಗೆ ನಡೆದು ನೋಡಿ. ಸರ್ಪವಿದೆ ಎಂದು ಹೇಳಿದ ಜಾಗದಲ್ಲಿ ಬಹಳ ಸಲ ತಣಿದ ಕಲ್ಲು ಮಾತ್ರ ಇರುತ್ತದೆ.

ಆ ಎಂಟನೇ ತರಗತಿಯ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಮದುವೆಯಾಗಿ, ಅವಳ ಮಕ್ಕಳೇ ಈಗ ಶಾಲೆಗೆ ಹೋಗುತ್ತಿರಬಹುದು. ಸಂಘದ ಈ ಸಂಚಿಕೆ ಎಂದಾದರೂ ಅವಳ ಕೈಗೆ ಸಿಕ್ಕಿದರೆ, ತಡವಾಗಿಯಾದರೂ ಉತ್ತರ ಇಲ್ಲಿದೆ ಎಂದು ಹೇಳಬೇಕೆನಿಸಿತು. ಮಗಳೇ, ಎಲ್ಲವನ್ನೂ ಮಾಡಿದವನು ಅಲ್ಲಾಹನು. ಹೇಗೆ ಎಂದು ತಿಳಿದುಕೊಳ್ಳುವ ಬುದ್ಧಿಯನ್ನೂ ಅವನೇ ನಿನಗೆ ಕೊಟ್ಟಿದ್ದ. ನಡುವೆ ಅಡ್ಡ ನಿಂತವನು ನಾನು. ಕ್ಷಮಿಸು. ನಿನ್ನ ಮಕ್ಕಳನ್ನು ಆ ದ್ವೀಪಕ್ಕೆ ಕರೆದುಕೊಂಡು ಹೋದಾಗ ಆ ಕಲ್ಲಿನ ಕಥೆಯನ್ನು ಅವರಿಗೆ ಹೇಳು.

ನಮಗೆ ಉಪಯುಕ್ತವಾದ ಜ್ಞಾನವನ್ನು, ಗೊತ್ತಿಲ್ಲ ಎನ್ನುವ ಧೈರ್ಯವನ್ನು, ಗೊತ್ತಾದದ್ದನ್ನು ಹಂಚುವ ಮನಸ್ಸನ್ನು ಅಲ್ಲಾಹನು ಕರುಣಿಸಲಿ. ಆಮೀನ್.